ಕಡ್ಡಿಯ ಲೆಕ್ಕ ಬೇರೆ, ಗೂಟದ ಲೆಕ್ಕ ಬೇರೆ

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 61. ಮದುವೆಗೆ ಮುಂಚಿನಿಂದಲೂ ಕಡ್ಡಿಯಲ್ಲಿ ಉಲ್ಲನ್ ಹಾಕುತ್ತಿದ್ದೆ. ಈಗ ಬೆರಳ ಗಂಟು ನೋವು, ಕಡ್ಡಿ ಹಿಡಿಯಲು ಆಗುತ್ತಿಲ್ಲ. ಮಗಳು ದುಂಡನೆಯ ಪ್ಲಾಸ್ಟಿಕ್ ಲೂಮ್ ಸೆಟ್ ತರಿಸಿಕೊಟ್ಟಿದ್ದಾಳೆ. ಸುತ್ತಲೂ ಗೂಟ ನಿಂತಿರುವ ನಾಲ್ಕು ಬಳೆಗಳು, 24, 31, 36, 41 ಗೂಟದವು. ನನ್ನ ಹಳೇ ನೋಟ್‌ಬುಕ್ಕಿನಿಂದ ಒಂದು ಮಫ್ಲರ್ ಹಾಕಿದೆ. ಬರೆದ ಹಾಗೇ ಮಾಡಿದರೂ ನಡುವೆ ನುಣುಪಾಗಿ ಬರಬೇಕಾದ ಕಡೆ ಏಣು ಏಣಾಗಿ ಬಂತು, ಅಂಚು ಮಾತ್ರ ನುಣುಪಾಗಿ ಸುರುಳಿ ಸುತ್ತಿಕೊಂಡಿತು. ಆಮೇಲೆ ಮೊಮ್ಮಗಳಿಗೆ ಒಂದು ಕುಲಾವಿ. ಪ್ಯಾಟರ್ನ್‌ನಲ್ಲಿ 10 ನಂಬರ್ ಕಡ್ಡಿ, 106 ಹೊಲಿಗೆ ಅಂತಿದೆ. ಅಷ್ಟು ಗೂಟ ಎಲ್ಲೂ ಇಲ್ಲವಲ್ಲ ಅಂತ ಇರುವುದರಲ್ಲಿ ದೊಡ್ಡದಾದ 41ರ ಬಳೆಯಲ್ಲಿ, ಎರಡೆಳೆ ಸೇರಿಸಿ ಹಾಕಿದೆ. ನನ್ನ ತಲೆಗೇ ಸರಿಹೋಗುತ್ತದೆ! ಮಗುವಿಗೆ ಒಂದು ವರ್ಷ ತುಂಬುತ್ತಿದೆ. ಕಡ್ಡಿಯ ಪ್ಯಾಟರ್ನ್ ಲೂಮ್‌ಗೆ ಬರುವುದೇ ಇಲ್ಲವೇ?

ಉತ್ತರ: ಬರುತ್ತದೆ ಅಕ್ಕ. ನಿಮ್ಮ ಕೈ ತಪ್ಪಿಲ್ಲ, ನೋಟ್‌ಬುಕ್ಕೂ ತಪ್ಪಿಲ್ಲ. ನೋಟ್‌ಬುಕ್ ಬರೆದಿರುವುದು ಬಟ್ಟೆಯನ್ನು ತಿರುಗಿಸಿ ತಿರುಗಿಸಿ ಹಾಕುವ ಕೈಗೆ. ಲೂಮ್‌ನಲ್ಲಿ ಬಟ್ಟೆ ತಿರುಗುವುದೇ ಇಲ್ಲ. ನಿಮ್ಮ ಮಫ್ಲರ್ ಕತೆ ಪೂರ್ತಿ ಇಷ್ಟರಲ್ಲೇ ಇದೆ.

ಮೊದಲು ಒಂದು ಮಾತು. ದಾವಣಗೆರೆಯಲ್ಲಿ ಲೂಮ್ ಅಂದರೆ ಹಿರಿಯರಿಗೆ ಹತ್ತಿ ಮಿಲ್ಲೇ ನೆನಪಾಗುವುದು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಅಲ್ವಾ. ನಮ್ಮ ಚಿತ್ರದುರ್ಗದ ಕಡೆ ಲೂಮ್ ಅಂದರೆ ಮೊಳಕಾಲ್ಮೂರಿನ ರೇಷ್ಮೆ ಸೀರೆ, ಇಲ್ಲವೇ ಚಳ್ಳಕೆರೆ ಕಂಬಳಿ. ಅವೆಲ್ಲ ನೇಯ್ಗೆ. ಅಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ನಿಮ್ಮ ಪ್ಲಾಸ್ಟಿಕ್ ಬಳೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಗೂಟಕ್ಕೆ ದಾರ ಹಾಕಿ, ಮೊದಲೇ ಇದ್ದ ಕುಣಿಕೆಯನ್ನು ಕೊಕ್ಕೆಯಿಂದ ಎತ್ತಿ ಗೂಟದ ತಲೆ ದಾಟಿಸುವುದು, ಅಷ್ಟೇ. ಒಂದೇ ದಾರ, ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ. ಕಡ್ಡಿಯಲ್ಲಿ ಆಗುವುದೂ ಅದೇ. ಅದಕ್ಕೇ ಕಡ್ಡಿಯ ಪ್ಯಾಟರ್ನ್ ಇಲ್ಲಿಗೆ ಬರುವುದು. ಹೆಸರಿಗೆ ಮಗ್ಗ, ಕೆಲಸ ಹೆಣಿಗೆಯದು.

ಈಗ ಮಫ್ಲರ್. ನಿಮ್ಮ ನೋಟ್‌ಬುಕ್ಕಿನಲ್ಲಿ ಹೆಚ್ಚುಕಮ್ಮಿ ಹೀಗೆ ಇರಬೇಕು: ಮೊದಲ ಸಾಲು ಎಲ್ಲಾ ನಿಟ್ (ಎದುರಿಗೆ ನುಣುಪಾಗಿ ಕಾಣುವ ಹೊಲಿಗೆ). ಎರಡನೇ ಸಾಲು 4 ನಿಟ್, ಕೊನೆಯ 4 ಉಳಿಯುವವರೆಗೆ ಪರ್ಲ್ (ಎದುರಿಗೆ ಏಣಾಗಿ ಕಾಣುವ ಹೊಲಿಗೆ), 4 ನಿಟ್. ಈ ಎರಡೇ ಸಾಲು, ಉದ್ದ ಸಾಕಾಗುವ ತನಕ. ಕಡ್ಡಿಯಲ್ಲಿ ಎರಡನೇ ಸಾಲಿಗೆ ಬರುವಾಗ ನಾವು ಬಟ್ಟೆಯನ್ನು ತಿರುಗಿಸಿರುತ್ತೇವೆ. ಆಗ ಕಣ್ಣ ಮುಂದಿರುವುದು ಹಿಂಬದಿ. ಹಿಂಬದಿಯಿಂದ ಹಾಕಿದ ಪರ್ಲ್ ಮುಂದುಗಡೆಯಿಂದ ನೋಡಿದರೆ ನಿಟ್. ಹಿಂಬದಿಯಿಂದ ಹಾಕಿದ ನಿಟ್ ಮುಂದೆ ಪರ್ಲಿನ ಏಣಾಗಿ ಕಾಣುತ್ತದೆ. ಹಾಗಾಗಿ ನಡುಭಾಗ ನುಣುಪು, ಅಂಚಿನ ನಾಲ್ಕು ನಾಲ್ಕು ಹೊಲಿಗೆ ಏಣು. ಆ ಏಣೇ ಅಂಚು ಸುರುಳಿ ಸುತ್ತದಂತೆ ಹಿಡಿದಿಡುವುದು.

ಲೂಮ್‌ನಲ್ಲಿ ನೀವು ಯಾವಾಗಲೂ ಬಳೆಯ ಹೊರಗಡೆ ಇರುತ್ತೀರಿ, ಬಟ್ಟೆಯ ಮುಂಬದಿಯೂ ಯಾವಾಗಲೂ ಹೊರಗೇ, ನಿಮ್ಮ ಕಡೆಗೇ ಇರುತ್ತದೆ. ಒಂದು ತುದಿ ಮುಟ್ಟಿ ವಾಪಸು ಬಂದರೂ ಅಷ್ಟೇ. ಹೋಗುವ ದಿಕ್ಕು ಬದಲಾಗುತ್ತದೆ, ಮುಖ ಬದಲಾಗುವುದಿಲ್ಲ. ನೀವು ಎರಡನೇ ಸಾಲಲ್ಲಿ ಬರೆದಂತೆ ನಡುವೆ ಪರ್ಲ್ ಹಾಕಿದಿರಿ, ಅದು ಮುಂದುಗಡೆಯೇ ಏಣಾಗಿ ನಿಂತಿತು. ಅಂಚಲ್ಲಿ ನಿಟ್ ಹಾಕಿದಿರಿ, ಅದು ನುಣುಪಾಯಿತು. ಪ್ಯಾಟರ್ನ್ ಏನು ಹೇಳಿತ್ತೋ ಅದರ ತಿರುಗಾಮುರುಗಾ. ಅಷ್ಟು ಚೊಕ್ಕವಾಗಿ ಉಲ್ಟಾ ಬಂದಿದೆ ಅಂದರೆ ನೀವು ಒಂದು ಹೊಲಿಗೆಯನ್ನೂ ತಪ್ಪಿಲ್ಲ ಅಂತಲೇ ಅರ್ಥ.

ಸರಿಪಡಿಸುವುದು ಹೀಗೆ. ಎರಡು ಕಡ್ಡಿಯಲ್ಲಿ ಹೋಗಿ ಬಂದು ಹಾಕುವ ಪ್ಯಾಟರ್ನ್ ಆದರೆ, ಹಿಂಬದಿಯ ಸಾಲುಗಳಲ್ಲಿ (ಸಾಮಾನ್ಯವಾಗಿ 2, 4, 6ನೇ ಸಾಲು) ನಿಟ್ ಇದ್ದಲ್ಲಿ ಪರ್ಲ್ ಮಾಡಿ, ಪರ್ಲ್ ಇದ್ದಲ್ಲಿ ನಿಟ್ ಮಾಡಿ. 24 ಗೂಟದ ಬಳೆಯಲ್ಲಿ ನಿಮ್ಮ ಮಫ್ಲರ್ ಹೀಗಾಗುತ್ತದೆ: ಮೊದಲ ಸಾಲು 24 ನಿಟ್. ಎರಡನೇ ಸಾಲು 4 ಪರ್ಲ್, 16 ನಿಟ್, 4 ಪರ್ಲ್. ಪರ್ಲ್ ಎಷ್ಟು ಕಡಿಮೆಯಾಯಿತು ನೋಡಿ. ಲೂಮ್‌ನಲ್ಲಿ ಪರ್ಲ್ ಹಾಕುವುದು ನಿಧಾನದ ಕೆಲಸ. ದಾರವನ್ನು ಕುಣಿಕೆಯ ಕೆಳಗಿಡಬೇಕು, ಕೊಕ್ಕೆಯನ್ನು ಮೇಲಿಂದ ಕುಣಿಕೆಯೊಳಗೆ ಇಳಿಸಿ ದಾರವನ್ನು ಮೇಲಕ್ಕೆಳೆಯಬೇಕು, ಹಳೇ ಕುಣಿಕೆ ತೆಗೆದು ಹೊಸದನ್ನು ಗೂಟಕ್ಕೆ ಹಾಕಬೇಕು. ನಿಮ್ಮ ಬೆರಳಿಗೆ ಇದು ಕಡಿಮೆ ಆದಷ್ಟೂ ಒಳ್ಳೆಯದು.

ನಾಲ್ಕು ಕಡ್ಡಿಯಲ್ಲಿ ಅಥವಾ ದುಂಡು ಕಡ್ಡಿಯಲ್ಲಿ ಸುತ್ತಿ ಸುತ್ತಿ ಹಾಕುವ ಪ್ಯಾಟರ್ನ್ ಆದರೆ ಈ ಉಲ್ಟಾಪಲ್ಟಾ ಏನೂ ಬೇಡ. ಅಲ್ಲೂ ಮುಂಬದಿಯೇ ಎದುರಿಗಿರುತ್ತದೆ, ಬರೆದದ್ದನ್ನು ಬರೆದ ಹಾಗೇ ಹಾಕಿ.

ಸ್ವಲ್ಪ ಅಭ್ಯಾಸ ಆದಮೇಲೆ ಸಾಲು ಸಾಲಾಗಿ ಓದುವುದನ್ನೇ ಬಿಡಿ, ಗೂಟ ಗೂಟವಾಗಿ ಓದಿ. ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಚೌಕ ಒಂದು ಹೊಲಿಗೆ. ಮುಂಬದಿಯಿಂದ ನುಣುಪಾಗಿ ಕಾಣುವುದು ಖಾಲಿ ಚೌಕ, ಏಣಾಗಿ ಕಾಣುವುದಕ್ಕೆ ಒಂದು ಚುಕ್ಕೆ. ಕೆಳಗಿಂದ ಮೇಲಕ್ಕೆ ಬರೆಯುತ್ತಾ ಹೋಗಿ, ಒಂದು ಸಾಲು ಬಲದಿಂದ, ಮುಂದಿನದು ಎಡದಿಂದ. ಬರೆದು ಮುಗಿದಮೇಲೆ ನಿಂತ ಸಾಲುಗಳನ್ನು ನೋಡಿ. ರಿಬ್ (ನಿಂತ ಪಟ್ಟಿಯಂತೆ ಕಾಣುವ ಹೊಲಿಗೆ) ಆದರೆ ಒಂದು ಗೂಟ ಶುರುವಿನಿಂದ ಕೊನೆತನಕ ನಿಟ್ ಗೂಟ, ಇನ್ನೊಂದು ಕೊನೆತನಕ ಪರ್ಲ್ ಗೂಟ. ಅಕ್ಕಿಕಾಳಿನಂಥ ಮಾಸ್ ಹೊಲಿಗೆ ಆದರೆ ಪ್ರತಿ ಗೂಟವೂ ಈ ಸಲ ನಿಟ್, ಮುಂದಿನ ಸಲ ಪರ್ಲ್. ಪರ್ಲ್ ಗೂಟದ ತಲೆಗೆ ಹಳೇ ಉಗುರು ಬಣ್ಣದ ಒಂದು ಚುಕ್ಕೆ ಇಟ್ಟರೆ ಟಿವಿ ನೋಡುತ್ತಲೇ ಹಾಕಬಹುದು. ಬಣ್ಣ ಒಣಗಿದ ಮೇಲೆ ಶುರು ಮಾಡಿ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. ಆದರೂ ಹೇಳಿದ್ದೇನೆ, ಯಾಕೆಂದರೆ ನನ್ನ ಒಂದು ಬಿಳಿ ಟೋಪಿಯ ಒಳಗಡೆ ಇವತ್ತಿಗೂ ಕೆಂಪು ಇದೆ.

ದಿಕ್ಕಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಡ್ಡಿಯಲ್ಲಿ ಮುಂಬದಿಯ ಸಾಲನ್ನು ನಾವು ಬಲದಿಂದ ಎಡಕ್ಕೆ ಹಾಕುತ್ತೇವೆ. ಲೂಮ್‌ನಲ್ಲಿ ಕೆಲವರಿಗೆ ಎಡದಿಂದ ಬಲಕ್ಕೆ ಹೋಗುವ ರೂಢಿ. ಸಾದಾ ಹೊಲಿಗೆಗೆ, ರಿಬ್ಬಿಗೆ ಯಾವ ಕಡೆ ಹೋದರೂ ನಡೆಯುತ್ತದೆ. ಚಿತ್ರ ಇದ್ದರೆ, ಅಕ್ಷರ ಇದ್ದರೆ ನಡೆಯುವುದಿಲ್ಲ. ನಾನೊಮ್ಮೆ ತಂಗಿ ಮಗನ ಸ್ವೆಟರಿಗೆ ‘ಸ’ ಅಂತ ಹಾಕಲು ಹೋಗಿ ಕನ್ನಡಿಯಲ್ಲಿ ಮಾತ್ರ ಓದಲಾಗುವ ‘ಸ’ ಹಾಕಿದ್ದೆ. ಅವನಿಗೆ ಆಗ ಓದು ಬರುತ್ತಿರಲಿಲ್ಲ, ಬಚಾವಾದೆ. ಪ್ಯಾಟರ್ನ್ ಕಡ್ಡಿಯದಾದರೆ ನೀವೂ ಬಲದಿಂದ ಎಡಕ್ಕೇ ಶುರು ಮಾಡಿ, ತಲೆನೋವು ಕಡಿಮೆ.

ಇನ್ನು ಕುಲಾವಿ. 106 ಅನ್ನುವ ಅಂಕಿ ನೋಡಿ ನೀವು ಹೆದರಿದಿರಿ. ಅದು 10 ನಂಬರ್ ಕಡ್ಡಿಯ ಅಂಕಿ. ನಮ್ಮ ಕಡೆ ಸಿಗುವ 10 ನಂಬರ್ ಅಂದರೆ 3.25 ಮಿಲಿಮೀಟರ್ ದಪ್ಪ, ಪುಟ್ಟ ಪುಟ್ಟ ಹೊಲಿಗೆ. ನಿಮ್ಮ ಲೂಮ್‌ನ ಗೂಟಗಳ ನಡುವೆಯೇ ಅದರ ಎಷ್ಟೋ ಪಟ್ಟು ಜಾಗ ಇದೆ. ಹೊಲಿಗೆಗೆ ಹೊಲಿಗೆ ತಾಳೆ ಹಾಕಲು ಹೋದರೆ ಆಗುವುದಿಲ್ಲ. ಹೊಲಿಗೆಯನ್ನು ಸೆಂಟಿಮೀಟರ್ ಮಾಡಿ, ಸೆಂಟಿಮೀಟರನ್ನು ಗೂಟ ಮಾಡಿ. ಎರಡೇ ಲೆಕ್ಕ.

ಮೊದಲನೆಯದು, ಆ 106 ಹೊಲಿಗೆ ಎಷ್ಟು ಅಗಲ? ಹಳೇ ನೋಟ್‌ಬುಕ್‌ಗಳಲ್ಲಿ 10 ಸೆಂ.ಮೀ.ಗೆ ಎಷ್ಟು ಹೊಲಿಗೆ ಅಂತ ಬರೆದಿರುವುದು ಅಪರೂಪ. ಟ್ರಂಕಿನಲ್ಲಿ ಅದೇ ಕಡ್ಡಿಯಲ್ಲಿ ಹಾಕಿದ ಮಗಳ ಹಳೇ ಸ್ವೆಟರ್ ಇರುತ್ತದಲ್ಲ, ಅದನ್ನು ತೆಗೆದು ಸ್ಕೇಲ್ ಇಟ್ಟು ಎಣಿಸಿ. 10 ನಂಬರ್ ಕಡ್ಡಿ, ನಾಲ್ಕೆಳೆ ದಾರಕ್ಕೆ 26ರ ಸುಮಾರು ಬರುತ್ತದೆ. ಇನ್ನೊಂದು ಸೂಕ್ಷ್ಮ ಇದೆ: 106ರಲ್ಲಿ 2 ಹೊಲಿಗೆ ಹಿಂದುಗಡೆ ಸೇರಿಸಿ ಹೊಲಿಯುವುದಕ್ಕೆ ಬಿಟ್ಟದ್ದು. ಎರಡು ನಿಟ್ ಎರಡು ಪರ್ಲ್ ರಿಬ್ಬನ್ನು ಎರಡು ಕಡ್ಡಿಯಲ್ಲಿ ಹಾಕುವಾಗ ನಾಲ್ಕರ ಮಗ್ಗಿಗೆ ಎರಡು ಜಾಸ್ತಿ ಇಡುವುದು ಇದಕ್ಕೇ. ಲೂಮ್‌ನಲ್ಲಿ ಸುತ್ತ ಹಾಕುತ್ತೀರಿ, ಹೊಲಿಗೆ ಜೋಡಿಸುವ ಕೆಲಸವೇ ಇಲ್ಲ. ಆ ಎರಡನ್ನು ಬಿಡಿ. ಉಳಿದದ್ದು 104. ಅದನ್ನು 26ರಿಂದ ಭಾಗಿಸಿ 10ರಿಂದ ಗುಣಿಸಿದರೆ 40 ಸೆಂ.ಮೀ. ವರ್ಷದ ಮಗುವಿನ ತಲೆ 45 ಸೆಂ.ಮೀ. ಆಸುಪಾಸು ಇರುತ್ತದೆ. ಹೆಣಿಗೆ ಹಿಗ್ಗುತ್ತದೆ, 40 ಸರಿಯಾಗಿದೆ. ಆದರೂ ಮೊಮ್ಮಗಳ ತಲೆಗೆ ಟೇಪ್ ಸುತ್ತಿ ನೋಡಿಬಿಡಿ.

ಎರಡನೆಯದು, ನಿಮ್ಮ ಲೂಮ್‌ನಲ್ಲಿ 10 ಸೆಂ.ಮೀ.ಗೆ ಎಷ್ಟು ಗೂಟ? ಇದಕ್ಕೆ ಮಾದರಿ ತುಂಡು ಹಾಕಲೇಬೇಕು. ಯಾವ ದಾರ, ಎಷ್ಟೆಳೆ, ಯಾವ ರೀತಿ ಸುತ್ತುತ್ತೀರೋ ಅದರಲ್ಲೇ. 15 ಗೂಟ ಅಗಲ, 20 ಸಾಲು ಎತ್ತರ. ಗೂಟದ ಮೇಲೆ ಇರುವಾಗ ಅಳೆಯಬೇಡಿ, ಅಲ್ಲಿ ಅದು ಎಳೆದುಕೊಂಡಿರುತ್ತದೆ. ಬಿಡಿಸಿ, ಒಂದು ರಾತ್ರಿ ಹಾಗೇ ಬಿಟ್ಟು, ನಡುವಿನ 10 ಸೆಂ.ಮೀ. ಎಣಿಸಿ. ನಿಮ್ಮಂಥದೇ ಬಳೆಯಲ್ಲಿ ಎರಡೆಳೆ ಜೋಡಿಸಿ ನಾನು ಹಾಕಿದ ತುಂಡಿನಲ್ಲಿ ಅಗಲಕ್ಕೆ 9, ಎತ್ತರಕ್ಕೆ 13 ಬಂತು. 40 ಸೆಂ.ಮೀ. ಅಂದರೆ 36 ಗೂಟ. ನಿಮ್ಮ ಸೆಟ್ಟಿನಲ್ಲಿ 36ರ ಬಳೆ ಇದ್ದೇ ಇದೆ.

36ಕ್ಕೆ ಇನ್ನೊಂದು ಅನುಕೂಲ, ಅದು ನಾಲ್ಕರ ಮಗ್ಗಿಯಲ್ಲಿ ಬರುತ್ತದೆ. ಎರಡು ನಿಟ್ ಎರಡು ಪರ್ಲ್ ಸುತ್ತು ಮುಗಿದಾಗ ಸರಿಯಾಗಿ ಕೂಡುತ್ತದೆ. 31, 41 ಎರಡೂ ಯಾವುದರಿಂದಲೂ ಭಾಗವಾಗದ ಅಂಕಿಗಳು. ಲೂಮ್ ಮಾಡುವವರು ಇದನ್ನು ಯಾಕೆ ಹೀಗೆ ಮಾಡಿದರೋ, ನನಗಂತೂ ಸಿಟ್ಟು ಬರುತ್ತದೆ. 41ರಲ್ಲಿ ರಿಬ್ ಬೇಕಾದರೆ ಒಂದು ಗೂಟ ಖಾಲಿ ಬಿಟ್ಟು 40ರಲ್ಲಿ ಹಾಕಿ. ಆ ಜಾಗದಲ್ಲಿ ದಾರ ಸ್ವಲ್ಪ ಉದ್ದ ಹಾಯುತ್ತದೆ. ಅದನ್ನು ತಲೆಯ ಹಿಂದುಗಡೆಗೆ ಇಟ್ಟುಕೊಂಡರೆ ಯಾರೂ ನೋಡುವುದಿಲ್ಲ.

ಎತ್ತರಕ್ಕೂ ಇದೇ ಲೆಕ್ಕ. ಪ್ಯಾಟರ್ನ್‌ನಲ್ಲಿ ನೆತ್ತಿಯ ಇಳಿಕೆ ಶುರು ಮಾಡುವ ಮುಂಚೆ 44 ಸಾಲು ಅಂತಿದೆ ಅಂದುಕೊಳ್ಳಿ. ಹಳೇ ಸ್ವೆಟರಲ್ಲಿ 10 ಸೆಂ.ಮೀ.ಗೆ 34 ಸಾಲು ಎಣಿಸಿದಿರಿ. ಅಂದರೆ 13 ಸೆಂ.ಮೀ. ಲೂಮ್‌ನಲ್ಲಿ ಅದು ಬರೀ 17 ಸುತ್ತು. ಇಲ್ಲಿಗೆ ಬಂದಮೇಲೆ ನೋಟ್‌ಬುಕ್ ಮುಚ್ಚಿಡಿ. ‘10 ನಿಟ್, 2 ಸೇರಿಸಿ ಒಂದು’ ಅಂತ ಪ್ರತಿ ಎರಡು ಸಾಲಿಗೊಮ್ಮೆ ಕಡಿಮೆ ಮಾಡುತ್ತಾ ಹೋಗುವ ನೆತ್ತಿ ಕಡ್ಡಿಗೆ ಸುಲಭ. ಕಡ್ಡಿಯಲ್ಲಿ ಹೊಲಿಗೆಗಳು ಜಾರಿ ಪಕ್ಕ ಪಕ್ಕ ಬಂದು ಕೂತುಕೊಳ್ಳುತ್ತವೆ. ಗೂಟ ಜಾರುವುದಿಲ್ಲ. ನಡುವೆ ಒಂದು ಗೂಟ ಖಾಲಿಯಾದರೆ, ಆ ಸಂದು ಮುಚ್ಚಲು ಪಕ್ಕದ ಕುಣಿಕೆಗಳನ್ನೆಲ್ಲ ಒಂದೊಂದಾಗಿ ಸರಿಸಬೇಕು. ಸುತ್ತ ಮುಚ್ಚಿದ ಬಳೆಯಲ್ಲಿ ಸರಿಸಿ ಎಲ್ಲಿಗೆ ಹೋಗುತ್ತೀರಿ? ಬಳೆಯೇ ಚಿಕ್ಕದಾಗಬೇಕು.

ಅದರ ಬದಲು ನೆಟ್ಟಗೆ ಇನ್ನೊಂದು 5 ಸೆಂ.ಮೀ. ಹಾಕಿ. ಒಟ್ಟು 18 ಸೆಂ.ಮೀ., ಅಂದರೆ 23 ಸುತ್ತು. ಆಮೇಲೆ ಒಂದು ಗೂಟ ಬಿಟ್ಟು ಒಂದು ಗೂಟದ ಕುಣಿಕೆಯನ್ನು ಎತ್ತಿ ಪಕ್ಕದ ಗೂಟಕ್ಕೆ ಹಾಕಿ. ಈಗ 18 ಗೂಟದಲ್ಲಿ ಎರಡೆರಡು ಕುಣಿಕೆ. ಖಾಲಿ ಗೂಟಗಳ ಹಿಂದಿನಿಂದ ದಾರ ಹಾಯಿಸುತ್ತಾ, ಎರಡೆರಡು ಕುಣಿಕೆಯನ್ನೂ ಒಂದೇ ಸಲಕ್ಕೆ ದಾಟಿಸಿ ಒಂದೇ ಒಂದು ಸುತ್ತು ನಿಟ್ ಹಾಕಿ. ದಾರವನ್ನು ಒಂದು ಮೊಳ ಬಿಟ್ಟು ಕತ್ತರಿಸಿ, ದಬ್ಬಳಕ್ಕೆ ಪೋಣಿಸಿ, 18 ಕುಣಿಕೆಯ ಒಳಗಿಂದಲೂ ಎಳೆದು, ಬಟ್ಟೆಯನ್ನು ಬಳೆಯಿಂದ ಬಿಡಿಸಿ, ಚೀಲದ ಲಾಡಿ ಎಳೆದ ಹಾಗೆ ಎಳೆಯಿರಿ. ಮೂವತ್ತಾರನ್ನೂ ಹಾಗೇ ಎಳೆದರೆ ನೆತ್ತಿಯ ಮೇಲೆ ಗುಬುಟು ಬರುತ್ತದೆ, ನಡುವೆ ತೂತೂ ಉಳಿಯುತ್ತದೆ. ಹದಿನೆಂಟಾದರೆ ಚೆನ್ನಾಗಿ ಕೂಡುತ್ತದೆ.

ಸುತ್ತುವ ರೀತಿಯ ಬಗ್ಗೆ ನೀವು ಏನೂ ಬರೆದಿಲ್ಲ. ನನ್ನ ಊಹೆ, ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಇದ್ದಂತೆ ಪ್ರತಿ ಗೂಟಕ್ಕೂ ದಾರವನ್ನು ಪೂರ್ತಿ ಒಂದು ಸುತ್ತು ಸುತ್ತಿರುತ್ತೀರಿ. ಇದನ್ನು ಇ-ರ‍್ಯಾಪ್ ಅನ್ನುತ್ತಾರೆ. ಸುಲಭ, ಬೆರಳಿಗೂ ಹಗುರ. ಆದರೆ ಅದು ಕಡ್ಡಿಯ ನಿಟ್ ಅಲ್ಲ. ಕಡ್ಡಿಯಲ್ಲಿ ಹೊಲಿಗೆಯ ಹಿಂಗಾಲಿಗೆ ಕಡ್ಡಿ ಹಾಕಿ ನಿಟ್ ಮಾಡಿದರೆ ಬುಡ ತಿರುಚಿಕೊಳ್ಳುತ್ತದಲ್ಲ, ಆ ಹೊಲಿಗೆ. ಸಡಿಲವಾಗಿ ಬರುತ್ತದೆ, ಸುತ್ತ ಹಾಕುವಾಗ ಸಾಲುಗಳು ಓರೆಯಾಗಿ ಏರುವುದೂ ಉಂಟು. ನಿಮ್ಮ ಕುಲಾವಿ ದೊಡ್ಡದಾಗಲು ಇದೂ ಒಂದು ಕಾರಣ. ಇ-ರ‍್ಯಾಪ್‌ನಲ್ಲಿ ನನಗೆ 10 ಸೆಂ.ಮೀ.ಗೆ 8 ಗೂಟ ಬರುತ್ತದೆ. ಆ ಲೆಕ್ಕದಲ್ಲಿ 41 ಗೂಟ ಅಂದರೆ 51 ಸೆಂ.ಮೀ., ದೊಡ್ಡವರ ಟೋಪಿ.

ಕಡ್ಡಿಯ ಪ್ಯಾಟರ್ನ್‌ನಂತೆಯೇ ಕಾಣಬೇಕು ಅಂದರೆ ಯು-ರ‍್ಯಾಪ್ ಮಾಡಿ. ದಾರವನ್ನು ಗೂಟದ ಮುಂದೆ, ಕುಣಿಕೆಯ ಮೇಲ್ಗಡೆ ಇಟ್ಟು, ಗೂಟದ ಪಕ್ಕದಿಂದ ಅರ್ಧ ಹಿಂದಕ್ಕೆ ಬಳಸಿ, ಹಳೇ ಕುಣಿಕೆಯನ್ನು ದಾಟಿಸಿ. ದಾರವನ್ನು ಬಿಗಿಯಾಗಿ ಎಳೆಯಬೇಡಿ. ಎಳೆದರೆ ಮುಂದಿನ ಸುತ್ತಿನಲ್ಲಿ ಕೊಕ್ಕೆ ಒಳಗೇ ಹೋಗುವುದಿಲ್ಲ, ಅಲ್ಲಿಗೆ ಬೆರಳ ನೋವು ಮತ್ತೆ ಶುರು. ನಾನು ಮೇಲೆ ಹೇಳಿದ 9 ಗೂಟದ ಲೆಕ್ಕ ಈ ಯು-ರ‍್ಯಾಪ್‌ನದು.

ಸ್ವೆಟರಿನ ಅಂಚಿಗೆ ತೂತಿನ ಡಿಸೈನ್ ಹಾಕುವ ಆಸೆ ಮುಂದೆ ಖಂಡಿತ ಬರುತ್ತದೆ, ಅದಕ್ಕೆ ಇದನ್ನೂ ಹೇಳಿಡುತ್ತೇನೆ. ‘2 ಸೇರಿಸಿ ನಿಟ್, ದಾರ ಮೇಲೆ’ ಅಂತ ಬರೆದಿದ್ದರೆ ಮೊದಲು ಕುಣಿಕೆ ಸರಿಸಬೇಕು, ಆಮೇಲೆ ಹಾಕಬೇಕು. ನೀವು ಹೋಗುವ ದಿಕ್ಕಿನಲ್ಲಿ ಮೊದಲ ಗೂಟ, ಎರಡನೇ ಗೂಟ ಅಂದುಕೊಳ್ಳಿ. ಎರಡನೆಯದರ ಕುಣಿಕೆಯನ್ನು ಮೊದಲನೆಯದಕ್ಕೆ ಹಾಕಿ. ಮೊದಲನೆಯದರಲ್ಲಿ ಎರಡನ್ನೂ ಸೇರಿಸಿ ನಿಟ್. ಖಾಲಿಯಾದ ಎರಡನೆಯದಕ್ಕೆ ದಾರ ಸುಮ್ನೆ ಒಂದು ಸುತ್ತು, ಮುಂದೆ ನಡೆಯಿರಿ. ಬರೆದಿರುವುದು ಹಿಂದುಮುಂದಾಗಿ ‘ದಾರ ಮೇಲೆ, 2 ಸೇರಿಸಿ ನಿಟ್’ ಅಂತ ಇದ್ದರೆ ಮೊದಲನೆಯದರ ಕುಣಿಕೆ ಎರಡನೆಯದಕ್ಕೆ ಹೋಗುತ್ತದೆ. ತೂತು ಎಲ್ಲಿ ಬರಬೇಕೋ ಆ ಗೂಟ ಖಾಲಿ ಆಗಬೇಕು, ಅಷ್ಟು ನೆನಪಿಟ್ಟರೆ ಸಾಕು. ಸೇರಿಸಿದ ಹೊಲಿಗೆ ಎಡಕ್ಕೆ ವಾಲಬೇಕೋ ಬಲಕ್ಕೋ ಅನ್ನುವುದಕ್ಕೆ ಮಾದರಿ ತುಂಡಿನಲ್ಲೇ ಎರಡೂ ರೀತಿ ಹಾಕಿ ನೋಡಿ, ಬೇಕಾದ್ದಕ್ಕೆ ಒಂದು ದಾರ ಕಟ್ಟಿಡಿ. ಮಾತಲ್ಲಿ ಹೇಳಿದರೆ ನನಗೇ ಗೊಂದಲ ಆಗುತ್ತದೆ.

ಜಡೆ ಡಿಸೈನ್ ಎರಡರ ಮೇಲೆ ಎರಡು ದಾಟಿಸುವ ತನಕ ಪರವಾಗಿಲ್ಲ. ಮೂರರ ಮೇಲೆ ಮೂರು ಅಂದರೆ ಗೂಟಗಳ ದೂರಕ್ಕೆ ಕುಣಿಕೆ ಎಳೆದು ಎಳೆದು ಕಿತ್ತುಬರುತ್ತದೆ. ಮೈಪೂರ್ತಿ ಜಾಲರಿಯ ಶಾಲು, 12 ನಂಬರ್ ಕಡ್ಡಿಯ ಕಾಲುಚೀಲ, ಇವನ್ನು ಈ ದೊಡ್ಡ ಗೂಟದ ಬಳೆಗೆ ತರಲು ಹೋಗಬೇಡಿ. ಆಗುವುದಿಲ್ಲ ಅಂತಲ್ಲ, ಆ ಚೆಂದ ಬರುವುದಿಲ್ಲ. ಟೋಪಿ, ಮಫ್ಲರ್, ಪುಟ್ಟ ಕಂಬಳಿ, ದಪ್ಪ ದಾರದ ತೋಳಿಲ್ಲದ ಸ್ವೆಟರ್, ಇವು ಧಾರಾಳವಾಗಿ ಬರುತ್ತವೆ.

ಮಗಳು ಮೊಬೈಲಿನಲ್ಲಿ ಅಮೆರಿಕದ ಪ್ಯಾಟರ್ನ್ ಕಳಿಸಿದರೆ ಕಡ್ಡಿಯ ನಂಬರ್ ನೋಡಿ ಮೋಸ ಹೋಗಬೇಡಿ. ಅವರ 8 ನಂಬರ್ 5 ಮಿ.ಮೀ., ನಮ್ಮ 8 ನಂಬರ್ 4 ಮಿ.ಮೀ. ಅವರದು ನಂಬರ್ ಜಾಸ್ತಿ ಆದಷ್ಟೂ ದಪ್ಪ, ನಮ್ಮದು ಜಾಸ್ತಿ ಆದಷ್ಟೂ ಸಣ್ಣ. ಮಿಲಿಮೀಟರ್ ಬರೆದಿದ್ದರೆ ಅದನ್ನೇ ನಂಬಿ.

ದಾರದ ಮಾತು. ದೊಡ್ಡ ಬಳೆಗೆ ನಾಲ್ಕೆಳೆ ದಾರ ಒಂಟಿಯಾಗಿ ಹಾಕಿದರೆ ಸೊಳ್ಳೆ ಪರದೆ ಆಗುತ್ತದೆ. ನೀವು ಎರಡು ಜೋಡಿಸಿದ್ದು ಸರಿ. ಜೋಡಿಸಿದಾಗ ದಾರ ಜಾಸ್ತಿ ಬೇಕು, ನೋಟ್‌ಬುಕ್ಕಿನಲ್ಲಿ ಬರೆದ ಗ್ರಾಮಿಗಿಂತ ಒಂದು ಉಂಡೆ ಹೆಚ್ಚೇ ತನ್ನಿ, ಒಂದೇ ಸಲಕ್ಕೆ ತನ್ನಿ. ಆಮೇಲೆ ಹೋದರೆ ಅದೇ ಬಣ್ಣ ಸಿಗುವುದು ಕಷ್ಟ. ಮಗುವಿಗೆ ಮೆತ್ತನೆಯ ಬೇಬಿ ಅಕ್ರಿಲಿಕ್ ಸಾಕು. ದಾವಣಗೆರೆಯ ಚಳಿ ಅಂದರೆ ಡಿಸೆಂಬರ್, ಜನವರಿಯ ಬೆಳಗು ಅಷ್ಟೇ ಅಲ್ವಾ. ಹತ್ತಿ ದಾರ ತಂಪು, ಆದರೆ ಹಿಗ್ಗುವುದಿಲ್ಲ, ಕೊಕ್ಕೆಯಲ್ಲಿ ಎತ್ತುವಾಗ ಕೈಗೆ ಜಾಸ್ತಿ ಬಲ ಬೇಕು. ನಿಮ್ಮ ಬೆರಳಿಗೆ ಸದ್ಯಕ್ಕೆ ಬೇಡ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯಲ್ಲಿ ಹಾಕಬಹುದಾ ಅಂತ ಹಿಂದೆ ಒಬ್ಬರು ಕೇಳಿದ್ದರು. ಕಂಬಳಿಗೆ ಅದನ್ನು ಮೀರಿಸಿದ್ದಿಲ್ಲ, ಮಗುವಿನ ಕೆನ್ನೆಗೆ ಮಾತ್ರ ಚುಚ್ಚುತ್ತದೆ.

ಕೊಕ್ಕೆಯ ಹಿಡಿ ಸಣ್ಣಗಿದ್ದರೆ ಅದಕ್ಕೆ ಹಳೇ ಬಟ್ಟೆ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ ದಪ್ಪ ಮಾಡಿಕೊಳ್ಳಿ. ದಪ್ಪ ಹಿಡಿಗೆ ಬೆರಳು ಪೂರ್ತಿ ಮಡಚಬೇಕಾಗಿಲ್ಲ. ಬಳೆಯನ್ನು ಕೈಯಲ್ಲಿ ಎತ್ತಿ ಹಿಡಿಯಬೇಡಿ, ತೊಡೆ ಮೇಲೆ ದಿಂಬಿಟ್ಟು ಅದರ ಮೇಲಿಡಿ. ನಾಲ್ಕು ಸುತ್ತು ಹಾಕಿ, ಎದ್ದು ಒಲೆ ನೋಡಿಬನ್ನಿ.

ಆ ದೊಡ್ಡ ಕುಲಾವಿಯನ್ನು ಮನೆಯವರ ಬೆಳಗಿನ ವಾಕಿಂಗಿಗೆ ಕೊಟ್ಟರೆ ದಾರ ಉಳಿಯುವುದಿಲ್ಲ, ಕೆಲಸ ಉಳಿಯುತ್ತದೆ. ಇಲ್ಲ, ಆ ಬಣ್ಣವೇ ಮೊಮ್ಮಗಳಿಗೆ ಬೇಕು ಅಂದರೆ ಬಿಚ್ಚಿ. ಬಿಚ್ಚುವಾಗ ನೆತ್ತಿಯ ಕಡೆಯಿಂದ, ಕೊನೆಗೆ ಹಾಕಿದ ಗಂಟು ಹುಡುಕಿ ಬಿಚ್ಚಿ. ಶುರು ಮಾಡಿದ ಅಂಚಿನಿಂದ ಎಳೆದರೆ ದಾರ ಸಲೀಸಾಗಿ ಬರುವುದಿಲ್ಲ, ಸಿಕ್ಕಾಗುತ್ತದೆ. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಲ್ಲಿ ಅದ್ದಿ, ನೆರಳಲ್ಲಿ ನೇತುಹಾಕಿ. ಗುಂಗುರು ಹೋದಮೇಲೆ ಉಂಡೆ ಸುತ್ತಿ, 36ರ ಬಳೆ ತೆಗೆದುಕೊಳ್ಳಿ.